ಏಳೂ ಕಡೆ ಇದ್ದವನು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕೊಡೆ ಕೊಲೆಗಾರನ ಹೆಸರು ಠಾಣೆಯ ಎರಡನೆಯ ಮಹಡಿಯ ಗೋಡೆಯ ಮೇಲೆ ಮೂಡಿತು. ಅದು ಪತ್ತೇದಾರನ ಷಡ್ಡಕನ ಹೆಸರು.

ಕೋಣೆಯಲ್ಲಿ ಒಂಬತ್ತು ಮಂದಿ ಇದ್ದರು. ತಡವಾಗಿ ಬಂದದ್ದಕ್ಕೆ ಪತ್ತೇದಾರನಿಗೆ ಒಂದು ಕೈ ಮುರಿದ ಕುರ್ಚಿ ಸಿಕ್ಕಿತ್ತು. ಹೆಸರು ಓದಿದ ಕ್ಷಣ ಅವನು ಇಲ್ಲದ ಕೈಯ ಮೇಲೆ ಮೊಣಕೈ ಊರಲು ಹೋಗಿ ಎಡಕ್ಕೆ ವಾಲಿದ, ಪಕ್ಕದವನ ತೊಡೆ ಹಿಡಿದು ಸಾವರಿಸಿಕೊಂಡ, ಆಮೇಲೆ ಆ ಕೈಯನ್ನು ಯಾವಾಗ ತೆಗೆಯುವುದು ಮರ್ಯಾದೆ ಎಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಬಿಟ್ಟ. ಗೋಡೆಯ ಪಕ್ಕ ಉದ್ದನೆಯ ಕೋಲು ಹಿಡಿದು ನಿಂತಿದ್ದವಳು ಲೆಕ್ಕದ ಮೇಡಂ. ಇಲಾಖೆಗೆ ಬಂದು ಮೂರು ವಾರವಾಗಿತ್ತು. ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಅದರಿಂದ ಅಪರಾಧಿಗಳನ್ನು ಹೆಕ್ಕುವುದು ಅವಳ ಕೆಲಸ. "ಕಂಬಳಿ ಕೇಸಿನ ನಾಲ್ಕು ಜಾಗ, ಕೊಡೆ ಕೇಸಿನ ಮೂರು ಜಾಗ, ಒಟ್ಟು ಏಳು ಸರ್," ಎಂದಳು. "ನಮ್ಮ ಸಿಬ್ಬಂದಿ ಬಿಟ್ಟು, ಏಳೂ ಕಡೆ ಇದ್ದೋನು ಒಬ್ಬನೇ. ಹೆಣ ಸಿಕ್ಕ ಎರಡು ಗಂಟೆಯೊಳಗೆ ಏಳು ಸಲಾನೂ ಅಲ್ಲಿದ್ದಾನೆ. ಟೈಲರ್. ಅಂಗಡಿ ಈ ಕಿಟಕಿಯಿಂದ ನಲವತ್ತು ಅಡಿ." ಎಲ್ಲರೂ ಕಿಟಕಿಯ ಕಡೆ ತಿರುಗಿದರು. ರಸ್ತೆಯಾಚೆ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ಐವತ್ತರ ಗಂಡಸೊಬ್ಬ ಅಂಗಡಿಯ ಬಾಗಿಲಲ್ಲಿ ನಿಂತು ಸೂಜಿಗೆ ದಾರ ಪೋಣಿಸಲಾಗದೆ ಕಣ್ಣು ಕಿರಿದು ಮಾಡುತ್ತಿದ್ದ.

"ಅಯ್ಯಯ್ಯೋ, ಎಂಥಾ ಖದೀಮ," ಎಂದರು ದೊಡ್ಡ ಸಾಹೇಬರು.

ನಾಲ್ಕು ವರ್ಷದ ಹಿಂದೆ ಊರಿನಲ್ಲಿ ನಾಲ್ವರು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಕುರ್ಚಿಗಳಲ್ಲಿ ಸತ್ತು ಕುಳಿತಿದ್ದರು, ಕೊರಳಿನವರೆಗೆ ಬೆಚ್ಚಗೆ ಕಂಬಳಿ ಹೊದಿಸಿತ್ತು. ಪತ್ರಿಕೆಯವರು ಕಂಬಳಿ ಕೊಲೆಗಾರ ಎಂದರು. ಹಿಡಿದವನು ಈ ಪತ್ತೇದಾರ. ಈ ವರ್ಷ ಮತ್ತೆ ಮೂವರು ಅದೇ ರೀತಿ ಕುಳಿತರು: ಒಬ್ಬ ನಿವೃತ್ತ ಗುಮಾಸ್ತ, ಒಬ್ಬ ಸಂಗೀತದ ಮೇಷ್ಟ್ರು, ನೀರಿನ ಫಿಲ್ಟರ್ ಮಾರುವ ಒಬ್ಬ ಒಂಟಿ ಗಂಡಸು. ಚಹಾದಲ್ಲಿ ನಿದ್ರೆಮಾತ್ರೆ, ತಲೆಯ ಮೇಲೆ ಕುರ್ಚಿಯ ಬೆನ್ನಿಗೆ ಬಿಗಿದು ಬಿಚ್ಚಿಟ್ಟ ಹಳೆಯ ಕಪ್ಪು ಕೊಡೆ. ತಲೆಬರಹಕ್ಕಾಗಿಯೇ ಸಂಬಳ ತೆಗೆದುಕೊಳ್ಳುವ ಉಪಸಂಪಾದಕನೊಬ್ಬ ಎಲ್ಲೋ ಇದ್ದಿರಬೇಕು. ಮೊದಲ ಕೊಡೆ ಕಂಡ ಮರುದಿನವೇ 'ಕಂಬಳಿ ಆಯಿತು, ಈಗ ಕೊಡೆ: ಭಾಗ ಎರಡು' ಎಂದು ಬಂತು. ಕೆಳಗೆ ಪತ್ತೇದಾರನ ಫೋಟೊ, ಮೊದಲ ಭಾಗದ್ದೇ, ಆಗ ತಲೆಯಲ್ಲಿ ಕೂದಲಿತ್ತು. ಸಿನಿಮಾದ ಎರಡನೆಯ ಭಾಗಕ್ಕೆ ಹಳೆಯ ನಾಯಕನನ್ನೇ ಹಾಕಿದಂತೆ ಅವನನ್ನು ಹಾಕಿದ್ದರು, ಹೊಟ್ಟೆ ಬಂದಿದೆ ಎಂಬುದನ್ನು ಯಾರೂ ಲೆಕ್ಕಿಸದೆ. "ಇಬ್ಬರಿದ್ರು ಕಣ್ರೀ!" ದೊಡ್ಡ ಸಾಹೇಬರು ಈಗ ಮೇಜು ಕುಟ್ಟುತ್ತಿದ್ದರು. "ಒಬ್ಬನ್ನ ಒಳಗೆ ಹಾಕಿದ್ವಿ. ಇನ್ನೊಬ್ಬ ನಮ್ಮೆದುರಿಗೇ ಸಹಿ ಹಾಕ್ಕೊಂಡು ಓಡಾಡ್ತಿದ್ದ. ನಿಮ್ಮ ಪ್ಯಾಂಟು ಹೊಲಿಯೋನು ಅವನೇ ಅಲ್ವೇನ್ರೀ?"

"ಹೊಲಿಸ್ಕೊಂಡಿದ್ದೀನಿ ಸರ್," ಎಂದ ಪತ್ತೇದಾರ. ಅದು ಸುಳ್ಳಲ್ಲ. ಷಡ್ಡಕ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿದ್ದ ಎಂಟು ಮುಖಗಳನ್ನು ನೋಡಿ ವಾಪಸು ಹೋಯಿತು. ಆ ಎಂಟರಲ್ಲಿ ದೊಡ್ಡ ಸಾಹೇಬರು ಮೇಲಿನಿಂದ ನೇರವಾಗಿ ಬಂದವರು, ಮೇಡಂ ಹೊಸಬಳು. ಉಳಿದ ಆರು ಮಂದಿಗೂ ಗೊತ್ತಿತ್ತು. ಒಬ್ಬ ಶೂ ಲೇಸು ಕಟ್ಟಲು ಬಗ್ಗಿದವನು ಏಳಲೇ ಇಲ್ಲ, ಅವನ ಶೂಗೆ ಲೇಸಿರಲಿಲ್ಲ. ಹಳೆಯ ದಫೇದಾರ ಕೆಮ್ಮಿದ. ಕಾನೂನು ಪೊಲೀಸರ ಕಣ್ಣೊಂದನ್ನೇ ನಂಬುವುದಿಲ್ಲ. ಕೊಲೆಯಾದ ಜಾಗದಲ್ಲಿ ಏನೇನಿತ್ತು ಎಂದು ಮಹಜರು ಬರೆಯುವಾಗ ಪೊಲೀಸರಿಗೆ ಸಂಬಂಧಪಡದ ಇಬ್ಬರು ಅಲ್ಲೇ ನಿಂತು, ಕಣ್ಣಾರೆ ನೋಡಿ, ಸಹಿ ಮಾಡಬೇಕು. ಆದರೆ ಸಾಕ್ಷಿ ಬೇಕು ಎಂದರೆ ದಾರಿಹೋಕರಿಗೆ ಇದ್ದಕ್ಕಿದ್ದಂತೆ ಬಸ್ಸು ಬರುತ್ತದೆ, ತಾಯಿಗೆ ಜ್ವರ ಬರುತ್ತದೆ. ಟೈಲರಿಗೆ ಏನೂ ಬರುತ್ತಿರಲಿಲ್ಲ. ಹಾಗಾಗಿ ಮಹಜರು ಬರೆದು ಮುಗಿಸಿ, ಠಾಣೆಗೆ ಹಿಂತಿರುಗುವಾಗ ರಸ್ತೆ ದಾಟಿ, ಕತ್ತರಿಸಿದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಭಾವ ಇಲ್ಲೊಂದು ಇಲ್ಲೊಂದು ಎಂದು ಬೆರಳು ತೋರಿಸುವುದು ರೂಢಿಯಾಯಿತು. ಎರಡನೆಯ ಸಹಿ ಒಮ್ಮೆ ಹೋಟೆಲಿನವನದು, ಒಮ್ಮೆ ಬೀಗ ರಿಪೇರಿಯವನದು. ಮೊದಲ ಸಹಿ ಯಾವಾಗಲೂ ಟೈಲರದು. ಹನ್ನೊಂದು ವರ್ಷ. ಟೈಲರ್ ಆ ಏಳು ಕೋಣೆಗಳಲ್ಲಿ ಒಂದಕ್ಕೂ ಕಾಲಿಟ್ಟಿರಲಿಲ್ಲ.

ಈಗ ಬಾಯಿ ಬಿಟ್ಟರೆ? ಕಂಬಳಿಯವನ ಮೇಲ್ಮನವಿ ಹನ್ನೆರಡನೆಯ ತಾರೀಕಿಗಿತ್ತು, ಇನ್ನು ಆರು ದಿನ. ಅವನ ಪೆಟ್ಟಿಗೆಯಲ್ಲಿ ಅದೇ ನೇಯ್ಗೆಯ ಇನ್ನೂ ಐದು ಕಂಬಳಿಗಳು ಸಿಕ್ಕಿದ್ದವು, ಮಡಿಸಿ, ಮುಂದಿನ ಐವರಿಗಾಗಿ. ಅವು ಸಿಕ್ಕಾಗ ಪತ್ತೇದಾರ ಸ್ವತಃ ಅಲ್ಲಿದ್ದ, ಪೆಟ್ಟಿಗೆಯ ಮುಚ್ಚಳ ಅವನ ಬೆರಳಿನ ಮೇಲೇ ಬಿದ್ದಿತ್ತು. ಆದರೆ ನ್ಯಾಯಾಲಯ ನಂಬಿದ್ದು ಊದಿದ ಬೆರಳನ್ನಲ್ಲ, ಆ ಮಹಜರಿಗೂ ಮೊದಲ ಸಹಿ ಹಾಕಿದ್ದ ಟೈಲರನನ್ನು. ಸಾಕ್ಷಿಕಟ್ಟೆಯಲ್ಲಿ ಟೈಲರ್ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತದ್ದು, ವಿರುದ್ಧದ ವಕೀಲ 'ನೀವು ನಿಜವಾಗಿಯೂ ನೋಡಿದ್ರಾ?' ಎಂದು ಗದರಿದ್ದು, ಇವನು 'ನೋಡಿದೆ ಸ್ವಾಮಿ, ಕಂಬಳಿ ಅಂಚು ಕೈಹೊಲಿಗೆ, ಇಂಚಿಗೆ ಆರು' ಎಂದದ್ದು, ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ಮೆಚ್ಚುಗೆಯಿಂದ ನೋಡಿದ್ದು. ಪತ್ತೇದಾರನೂ ಮೆಚ್ಚಿದ್ದ. ಮೆಚ್ಚಿಕೊಂಡು, ಊಟಕ್ಕೆ ಕರೆದು, ತನ್ನ ಪದಕವನ್ನು ಭಾವನ ಕೈಗೆ ಕೊಟ್ಟು ತೂಕ ನೋಡಲು ಹೇಳಿದ್ದ. ನಿಜ ಹೇಳಿದರೆ ನಾಲ್ವರನ್ನು ಕೊಂದವನು ಹೊರಗೆ. ಹೇಳದಿದ್ದರೆ ನೊಣ ಹೊಡೆಯಲೂ ಹೆಂಡತಿಯನ್ನು ಕರೆಯುವ ಷಡ್ಡಕ ಒಳಗೆ. ಇವೆರಡರ ನಡುವೆ ತನ್ನ ನೌಕರಿಯೂ ಇದೆ ಎಂಬುದು ನೆನಪಾದದ್ದು ಮೂರನೆಯದಾಗಿ, ಮತ್ತು ಮೂರನೆಯದಾಗಿ ನೆನಪಾಯಿತಲ್ಲ ಎಂದು ಅವನಿಗೆ ಒಂದು ಗಳಿಗೆ ತನ್ನ ಬಗ್ಗೆ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಮೇಡಂ ಏನೋ ಒತ್ತಿದಳು.

"ಸರ್, ಸುಮ್ನೆ ಕುತೂಹಲಕ್ಕೆ ಹನ್ನೊಂದು ವರ್ಷದ್ದು ಪೂರ್ತಿ ಹಾಕಿ ನೋಡ್ದೆ. ಇನ್ನೂರ ಹನ್ನೆರಡು ಕಡೆ ಇದ್ದಾನೆ. ಕಳ್ಳತನ, ಜೂಜು, ಬೆಂಕಿ, ಎಲ್ಲಾ ಕಡೆ."

"ದೇವರೇ."

"ಒಂದಿನ ಒಂದೇ ಹೊತ್ತಿಗೆ ಎರಡು ಕಡೆ ಇದ್ದಾನೆ ಸರ್. ನಡುವೆ ಒಂಬತ್ತು ಕಿಲೋಮೀಟರ್."

"ವಾಹನ ಇದ್ಯಾ ಅವನ ಹತ್ರ?"

"ಸೈಕಲ್ ಇದೆ ಸರ್," ಎಂದ ದಫೇದಾರ, ನೆಲ ನೋಡುತ್ತ.

"ಗ್ಯಾಂಗು!" ಎಂದರು ದೊಡ್ಡ ಸಾಹೇಬರು. ಬಹುಶಃ ತಮ್ಮ ಇಡೀ ಸೇವೆಯಲ್ಲಿ ಅಷ್ಟು ಸಂತೋಷವಾಗಿ ಅವರು ಯಾವ ಮಾತನ್ನೂ ಆಡಿರಲಿಲ್ಲ. ಲೇಸಿಲ್ಲದ ಶೂಗಳ ಅಧಿಕಾರಿ ಇನ್ನೂ ಬಗ್ಗಿಯೇ ಇದ್ದ. ಗುಮಾನಿ ಬರದ ಹಾಗೆ, ಪ್ಯಾಂಟು ಹೊಲಿಸುವ ನೆಪದಲ್ಲಿ ಹೋಗಿ, ಎರಡೂವರೆಗೆ ಟೈಲರನನ್ನು ಕರೆತರುವ ಕೆಲಸ ಪತ್ತೇದಾರನಿಗೆ ಬಿತ್ತು. ಕತ್ತರಿ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ ಎಂದೂ ಹೇಳಿದರು.

ಮೆಟ್ಟಿಲಿಳಿಯುವಾಗ ಹೆಂಡತಿಯ ಫೋನು ಬಂತು. ಸಂಜೆ ಅಕ್ಕನ ಮನೆಯಲ್ಲಿ ಊಟ, ಭಾವನ ಹುಟ್ಟಿದ ದಿನ, ಹೋದ ವರ್ಷದಂತೆ ಬರಿಗೈಯಲ್ಲಿ ಬಂದು ಮಾನ ಕಳೆಯಬೇಡಿ. ಅವನು ಬಾಯಿಗೆ ಬಂದದ್ದನ್ನು ಕೇಳಿದ: "ಭಾವ ಈ ನಡುವೆ ಎಲ್ಲಾದ್ರೂ ಹೋಗಿದ್ರಾ?" ಆ ಕಡೆಯಿಂದ ನಗು. "ಆ ಮನುಷ್ಯ ಎಲ್ಲಿಗ್ರೀ ಹೋಗ್ತಾರೆ? ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅಕ್ಕನ್ನ ಒಂದು ಸಿನಿಮಾಕ್ಕೂ ಕರ್ಕೊಂಡು ಹೋಗಿಲ್ಲ. ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ. ಯಾಕೆ?" ಏನಿಲ್ಲ ಎಂದ. ಏನಿಲ್ಲ ಎಂದು ಅವನು ಹೇಳುವ ರೀತಿ ಅವಳಿಗೆ ಗೊತ್ತಿತ್ತು. "ಏನೋ ಕಿತಾಪತಿ ಮಾಡ್ಕೊಂಡಿದ್ದೀರ," ಎಂದಳು, ಇಟ್ಟಳು. ರಸ್ತೆ ದಾಟಲು ನಲವತ್ತು ಅಡಿ. ಅವನು ಎರಡು ಸಲ ಅರ್ಧಕ್ಕೆ ಹೋಗಿ ಹಿಂತಿರುಗಿದ, ಒಂದು ಲಾರಿಯ ಕ್ಲೀನರ್ ಅವನನ್ನು ಅಜ್ಜ ಎಂದು ಕರೆದು ಬೈದ. ಮೊದಲ ಕೊಡೆಯ ದಿನ ನೆನಪಾಯಿತು. ಜೋರು ಮಳೆ. ಅಂದು ಅಪರೂಪಕ್ಕೆ ಅವನೇ, ಭಾವ ಈ ಸಲ ಬಂದುಬಿಡಿ, ಕೇಸು ದೊಡ್ಡದು ಎಂದಿದ್ದ. ಟೈಲರ್ ಹೊರಗೆ ನೋಡಿ, "ಈ ಮಳೇಲಿ ಎಲ್ಲಿ ಬರ್ಲಿ ಮಾರಾಯ, ನನ್ನ ಹತ್ರ ಕೊಡೆ ಇಲ್ಲ," ಎಂದ. ಇಬ್ಬರೂ ನಕ್ಕಿದ್ದರು.

"ಬಾ ತಮ್ಮ, ನಿಲ್ಲು," ಎಂದ ಟೈಲರ್, ಯಾಕೆ ಬಂದೆ ಎಂದು ಕೇಳುವ ಮೊದಲೇ ಪಟ್ಟಿಯನ್ನು ಸೊಂಟಕ್ಕೆ ಸುತ್ತಿ. "ನಲವತ್ತೆರಡು. ಹೋದ ಸಲ ನಲವತ್ತು. ಕೊಲೆ ಜಾಸ್ತಿ ಆದಷ್ಟೂ ನೀನು ಚೆನ್ನಾಗಿ ಉಣ್ತೀಯ ಕಣೋ." ಅವನ ಬೆರಳುಗಳು ಸೊಂಟದಿಂದ ಹಿಮ್ಮಡಿಗೆ ಇಳಿಯುತ್ತಿದ್ದಾಗ ಪತ್ತೇದಾರ ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದ, ಕನ್ನಡಿಯಲ್ಲಿ ನೋಡಿದರೆ ಶರಣಾದವನು ತಾನೇ ಎನ್ನಿಸಿತು. ಅಲ್ಲೇ, ಕೈ ಮೇಲಿದ್ದಂತೆಯೇ, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ: ಗೋಡೆಯ ಮೇಲಿನ ಹೆಸರು, ಏಳು, ಇನ್ನೂರ ಹನ್ನೆರಡು. ಟೈಲರ್ ಗಾಬರಿಯಾಗಲಿಲ್ಲ. "ಇನ್ನೂರ ಹನ್ನೆರಡಾ?" ಎಂದು ಮೆಲ್ಲಗೆ ಎದ್ದು, "ನಾನು ನೂರೈವತ್ತು ಅಂದ್ಕೊಂಡಿದ್ದೆ," ಎಂದ. ಆಮೇಲೆ ಅಂಗಿ ಬದಲಿಸಲು ಒಳಗೆ ಹೋದ. ಪರದೆಯ ಹಿಂದಿನಿಂದ ಅವನ ದನಿ ಬಂತು: "ನೀನು ಯಾಕೆ ತಲೆ ಕೆಡಿಸ್ಕೋತೀಯ. ಕೇಳಿದ್ದಕ್ಕೆ ನೋಡಿದ್ದು ಹೇಳ್ತೀನಿ, ಅಷ್ಟೇ ತಾನೆ."

"ಭಾವ, ನೀವು ನೋಡಿಲ್ಲ."

"ನೋಡಿಲ್ದೆ ಏನು? ಆ ಗುಮಾಸ್ತನ ಮನೇಲಿ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಕಿಟಕಿಗೆ ಹಸಿರು ಪರದೆ. ನೆಲ ಜಾರ್ತಿತ್ತು, ನಿನ್ನ ಕೈ ಹಿಡ್ಕೊಂಡೆ."

ಪತ್ತೇದಾರನ ಕೈಗಳು ಈಗಷ್ಟೇ ಕೆಳಗಿಳಿದವು. ಪರದೆ ಸರಿಸಿ ಹೊರಬಂದ ಮುಖದಲ್ಲಿ ಕಪಟದ ಸುಳಿವೂ ಇರಲಿಲ್ಲ. ಹನ್ನೊಂದು ವರ್ಷ ಅಂಗಡಿಯ ಕುರ್ಚಿಯಲ್ಲಿ ಕುಳಿತು, ಮೆಷಿನ್ ತುಳಿಯುತ್ತ, ತಾನು ಸಹಿ ಮಾಡಿದ ಕೋಣೆಗಳನ್ನು ಒಂದೊಂದಾಗಿ ಕಟ್ಟಿಕೊಂಡಿದ್ದ ಮನುಷ್ಯ. ಅವುಗಳಿಗೆ ಪರದೆ ಹೊಲಿದಿದ್ದ, ಗಡಿಯಾರ ತೂಗುಹಾಕಿದ್ದ, ಬೀಳುವ ಹಾಗಾದಾಗ ಹಿಡಿದುಕೊಳ್ಳಲು ಷಡ್ಡಕನ ಕೈಯನ್ನೂ ಇಟ್ಟುಕೊಂಡಿದ್ದ. ಎಲ್ಲಿಗೂ ಹೋಗದವನು ಎಂದು ಹೆಂಡತಿಯ ಮನೆಯವರೆಲ್ಲ ನಗುವ ಈತ ಇನ್ನೂರ ಹನ್ನೆರಡು ಕಡೆ ಹೋಗಿಬಂದಿದ್ದ. ಅದನ್ನು ಸುಳ್ಳೆಂದು ಹೇಳುವುದು ಹೇಗೆ?

ವಿಚಾರಣೆಯ ಕೋಣೆಯಲ್ಲಿ ಟೈಲರ್ ಕೈ ಕಟ್ಟಿ ಕುಳಿತು ನ್ಯಾಯಾಲಯದಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದ. ಗುಮಾಸ್ತನ ಮನೆ? ಇದ್ದೆ. ಮೇಷ್ಟ್ರ ಮನೆ? ಇದ್ದೆ ಸ್ವಾಮಿ, ತಂಬೂರಿಯ ಒಂದು ತಂತಿ ಹರಿದಿತ್ತು. ಒಂದೇ ಹೊತ್ತಿಗೆ ಎರಡು ಕಡೆ ಹೇಗಿದ್ದಿರಿ? ಟೈಲರ್ ಯೋಚಿಸಿ, "ಬೇಗ ಬೇಗ ಹೋದೆ," ಎಂದ. ದೊಡ್ಡ ಸಾಹೇಬರು ಕೈ ಉಜ್ಜಿಕೊಂಡರು. ಇದಕ್ಕಿಂತ ಸಲೀಸಾದ ತಪ್ಪೊಪ್ಪಿಗೆ ಯಾವ ಠಾಣೆಯಲ್ಲೂ ಆಗಿರಲಿಕ್ಕಿಲ್ಲ. ಬಾಗಿಲ ಪಕ್ಕ ನಿಂತಿದ್ದ ಪತ್ತೇದಾರ ಗೋಡೆಯ ಮೇಲೆ ಸುಣ್ಣ ಎದ್ದ ಒಂದು ಜಾಗವನ್ನು ಉಗುರಿನಿಂದ ಕೆರೆಯುತ್ತಿದ್ದ. ಕೆರೆದು ಕೆರೆದು ಅಲ್ಲೊಂದು ಸಣ್ಣ ದೇಶದ ನಕಾಶೆಯಾಯಿತು. ಇನ್ನೊಂದು ದ್ವೀಪ ಸೇರಿಸಿ ಮಾತಾಡುತ್ತೇನೆ ಎಂದುಕೊಂಡ. ದ್ವೀಪ ಸೇರಿತು, ಅದಕ್ಕೊಂದು ಬಂದರನ್ನೂ ಕೆರೆದ. ಅಷ್ಟರಲ್ಲಿ ಮೇಡಂ ಕೇಳಿದಳು, "ಕೊಡೆ ನೀವೇ ತಂದಿದ್ರಾ?" ಟೈಲರ್ ಮೊದಲ ಬಾರಿಗೆ ತಡವರಿಸಿ, ಸಹಾಯಕ್ಕಾಗಿ, ಶಾಲೆಯ ಹುಡುಗ ಉತ್ತರ ಮರೆತು ಗೆಳೆಯನ ಕಡೆ ನೋಡುವಂತೆ ಷಡ್ಡಕನ ಕಡೆ ತಿರುಗಿದ. ಹೌದು ಎಂದು ತಲೆಯಾಡಿಸಿದ್ದರೆ ಹೌದು ಎಂದೇ ಬಿಡುತ್ತಿದ್ದ.

"ಅವರು ಅಲ್ಲಿರ್ಲಿಲ್ಲ ಸರ್," ಎಂದ ಪತ್ತೇದಾರ. ದನಿ ಅವನು ಅಂದುಕೊಂಡದ್ದಕ್ಕಿಂತ ಕೀರಲಾಗಿ ಬಂತು, ಆದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು. "ಏಳರಲ್ಲಿ ಒಂದು ಕಡೇನೂ ಇರ್ಲಿಲ್ಲ. ಕಂಬಳಿ ಪೆಟ್ಟಿಗೆ ಸಿಕ್ಕಾಗ್ಲೂ ಇರ್ಲಿಲ್ಲ. ಅಂಗಡೀಲಿ ಕೂತ್ಕೊಂಡು ಸಹಿ ಹಾಕಿದ್ದು, ಹಾಕಿಸಿದ್ದು ನಾನು. ಇನ್ನೊಂದು ವಿಷಯ ಸರ್, ಅವರು ನನ್ನ ಷಡ್ಡಕ."

ದೊಡ್ಡ ಸಾಹೇಬರ ಮುಖ ಕೆಂಪಾಗಿ, ಬಿಳಿಯಾಗಿ, ಕೊನೆಗೆ ಯಾವ ಬಣ್ಣವೂ ಅಲ್ಲದ ಕಡೆ ನಿಂತಿತು. ಆದರೆ ಮೊದಲು ಸಿಡಿದವನು ಟೈಲರ್. "ಸುಳ್ಳು ಸ್ವಾಮಿ! ನನ್ನನ್ನ ಉಳಿಸೋಕೆ ಹೀಗೆ ಹೇಳ್ತಿದ್ದಾನೆ. ನಾನಿದ್ದೆ. ಏಯ್, ನಾನು ಇರ್ಲಿಲ್ವೇನೋ?" ಕೊನೆಯ ಮಾತಿನಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ಪತ್ತೇದಾರ ಅವನ ಕಡೆ ನೋಡಲಿಲ್ಲ. ಮೇಡಂ ಹೋಗಿ ಒಂದು ದಪ್ಪ ಕಡತ, ಮೂರು ಉದ್ದ ಚೀಲ ತಂದಳು. ಕಡತದಿಂದ ಒಂದು ಫೋಟೊ ತೆಗೆದು ಟೈಲರ್ ಮುಂದೆ ಇಟ್ಟಳು. "ಗುಮಾಸ್ತರ ಮನೆ. ಗಡಿಯಾರ ತೋರ್ಸಿ."

ಫೋಟೊದಲ್ಲಿ ಗಡಿಯಾರವಿರಲಿಲ್ಲ. ಪರದೆಯೂ ಇರಲಿಲ್ಲ. ಕಿಟಕಿಯೇ ಇರಲಿಲ್ಲ. ಬನಿಯನ್ ಹಾಕಿದ ಒಬ್ಬ ತೆಳ್ಳಗಿನ ಮುದುಕ ಕೊಡೆಯ ಕೆಳಗೆ ಬಾಯಿ ತೆರೆದು ಕುಳಿತಿದ್ದ, ಬಸ್ಸಿಗೆ ಕಾಯುತ್ತ ನಿದ್ದೆ ಹೋದವನಂತೆ. ಟೈಲರ್ ಬಹಳ ಹೊತ್ತು ನೋಡಿದ. "ಇಷ್ಟು ವಯಸ್ಸಾಗಿತ್ತಾ ಇವರಿಗೆ," ಎಂದ. ನಂತರ ಕೇಳದೆಯೇ ಮೊದಲ ಚೀಲದಿಂದ ಕೊಡೆಯನ್ನು ಎಳೆದು ಬಿಚ್ಚಿದ. ಯಾರೂ ತಡೆಯಲಿಲ್ಲ, ಎಲ್ಲರೂ ಬೈಗುಳಕ್ಕೆ ಸಿದ್ಧರಾಗುತ್ತಿದ್ದರು. ಕಣ್ಣು ಕಿರಿದು ಮಾಡಿ, ಹರಿದು ಹೊಲಿದಿದ್ದ ಜಾಗವನ್ನು ಮೂಗಿನ ಹತ್ತಿರ ತಂದ. ಮಹಜರಿನಲ್ಲಿ ಪತ್ತೇದಾರನೇ ಬರೆದಿದ್ದ: ಕಪ್ಪು ಕೊಡೆ ಒಂದು, ಹಳೆಯದು, ರಿಪೇರಿಯಾದದ್ದು. ಮೂರು ಸಲ ಹಾಗೇ ಬರೆದಿದ್ದ. "ಇದು ಬಟ್ಟೆ ಹೊಲಿಯೋ ಕೈಯಲ್ಲ," ಎಂದ ಟೈಲರ್. ದನಿ ಬದಲಾಗಿತ್ತು, ಸಾಕ್ಷಿಕಟ್ಟೆಯದಲ್ಲ, ಅಂಗಡಿಯದು. "ನಾವು ಗಂಟು ಒಳಗಡೆ ಹಾಕ್ತೀವಿ. ಇವನು ಹೊರಗಡೆ ಹಾಕಿದಾನೆ, ಎರಡು ಸುತ್ತು. ದಾರಕ್ಕೆ ಮೇಣ ಸವರಿದಾನೆ. ಬಟ್ಟೆಗೆ ಯಾರಾದ್ರೂ ಮೇಣ ಸವರ್ತಾರಾ? ಕಾಗದ ಹೊಲಿಯೋನು ಇವನು." ಎರಡನೆಯದು ಬಿಚ್ಚಿದ, ಮೂರನೆಯದು ಬಿಚ್ಚಿದ. ಸಣ್ಣ ಕೋಣೆಯಲ್ಲಿ ಮೂರು ಕೊಡೆಗಳಾದವು, ದೊಡ್ಡ ಸಾಹೇಬರು ಒಂದರ ಕಡ್ಡಿಯಿಂದ ಕಣ್ಣು ತಪ್ಪಿಸಿಕೊಂಡು ಗೋಡೆಗೆ ಒರಗಿದರು. ಕೊಡೆಯನ್ನು ಇಡಲು ಜಾಗ ಸಾಲದೆ ಟೈಲರ್ ಮೇಜಿನ ಮೇಲಿದ್ದ ಕಡತವನ್ನು ಸರಿಸಲು ಹೋದವನು, ಅದರ ಬೆನ್ನಿನ ಮೇಲೆ ಬೆರಳಿಟ್ಟು ಅಲ್ಲೇ ನಿಂತ.

"ಇದೇ ಕೈ," ಎಂದ.

ನಾಲ್ಕು ತಿಂಗಳಿಂದ ಪತ್ತೇದಾರ ದಿನಕ್ಕೆ ಹತ್ತು ಸಲ ಆ ಕಡತ ಹಿಡಿದಿದ್ದ. ಹೆಬ್ಬೆರಳು ಆ ಗಂಟಿನ ಮೇಲೇ ಕೂರುತ್ತಿತ್ತು; ಯೋಚನೆ ಮಾಡುವಾಗ ಅದನ್ನು ಸವರುವ ಅಭ್ಯಾಸವೂ ಆಗಿತ್ತು. ಕಡತ ಹೊಲಿಯುವವನು ಮಂಗಳವಾರ, ಶುಕ್ರವಾರ ಬಂದು ಕೆಳಗೆ ಮೆಟ್ಟಿಲ ಅಡಿಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದ ಮೆತ್ತಗಿನ ಮನುಷ್ಯ. ಹೋದ ತಿಂಗಳು ಇದೇ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ತಲೆಯೆತ್ತಿ ಕೇಳಿದ್ದ, "ಸಾಹೇಬ್ರೇ, ಇನ್ನೂ ಹಾಳೆ ಸೇರ್ತವಾ? ದಾರ ಉದ್ದ ಬಿಡ್ಲಾ?" ಬಿಡಪ್ಪ ಎಂದಿದ್ದ ಪತ್ತೇದಾರ. ಆಗ ಸತ್ತವರು ಇಬ್ಬರು. ಮೊದಲನೆಯ ದಿನ, ಆ ಮಳೆಯಲ್ಲಿ, ತನ್ನ ಕೊಡೆಯನ್ನೇ ಅರ್ಧ ಹಂಚಿಕೊಂಡು ಟೈಲರನನ್ನು ಒಂದು ಕಿಲೋಮೀಟರ್ ನಡೆಸಿದ್ದರೆ ಆ ಇಬ್ಬರಲ್ಲಿ ಎರಡನೆಯವನೂ, ಆಮೇಲಿನ ಫಿಲ್ಟರ್ ಮಾರುವವನೂ ಇಷ್ಟು ಹೊತ್ತಿಗೆ ಎಲ್ಲೋ ಮಧ್ಯಾಹ್ನದ ಚಹಾ ಕುಡಿಯುತ್ತಿದ್ದರು. ಕಾನೂನು ಹೊರಗಿನವರಿಬ್ಬರ ಕಣ್ಣು ಕೇಳುವುದು ಯಾಕೆಂದು ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದು ಹತ್ತಕ್ಕೆ ಎಂಟು ಅಂಕವೂ ಸಿಕ್ಕಿತ್ತು. ಅವನು ಕೂರಲು ಹೋದ. ಕುರ್ಚಿಯ ಮೇಲೆ ಕೊಡೆಯಿತ್ತು.

"ಇವತ್ತು ಶುಕ್ರವಾರ ಸರ್," ಎಂದ ದಫೇದಾರ.

ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಅವರು ಕೆಳಗಿಳಿದಾಗ ಕಡತ ಹೊಲಿಯುವವನು ಮೆಟ್ಟಿಲ ಅಡಿಯಲ್ಲೇ ಇದ್ದ. ಕೈಯಲ್ಲಿದ್ದ ಕಡತಕ್ಕೆ ಕೊನೆಯ ಗಂಟು ಹಾಕಿ, ದಾರ ಹಲ್ಲಿನಿಂದ ಕತ್ತರಿಸಿ, ಚಾಪೆ ಸುತ್ತಿಟ್ಟು ಎದ್ದ. ಅವನ ಕೋಣೆಯಲ್ಲಿ ಅರ್ಧ ಹೊಲಿದ ಇನ್ನೊಂದು ಕೊಡೆ ಸಿಕ್ಕಿತು. ಆ ಮಹಜರಿಗೆ ಬಸ್ ನಿಲ್ದಾಣದಿಂದ ಇಬ್ಬರು ಹೆಂಗಸರನ್ನು ಕರೆದೊಯ್ದರು. ಒಬ್ಬಳು ಸಹಿ ಮಾಡುವ ಮುನ್ನ ಎರಡು ಕಡೆ ತಿದ್ದಿಸಿದಳು. ಸಂಜೆ ಊಟಕ್ಕೆ ಪತ್ತೇದಾರ ಹೋದ, ಅಮಾನತಿನ ಆದೇಶ ಜೇಬಿನಲ್ಲಿತ್ತು. ಟೈಲರ್ ಅವನ ಜೊತೆ ಮಾತಾಡಲಿಲ್ಲ, ಆದರೆ ಎರಡನೆಯ ಸಲ ತಾನೇ ಬಡಿಸಿದ.

ಹನ್ನೆರಡನೆಯ ತಾರೀಕು ಪತ್ತೇದಾರ ಸಾಕ್ಷಿಕಟ್ಟೆ ಹತ್ತಿ, ಪೆಟ್ಟಿಗೆ ಸಿಕ್ಕಾಗ ಟೈಲರ್ ಅಲ್ಲಿರಲಿಲ್ಲ ಎಂದು ಹೇಳಿದ. ಹದಿನೇಳನೆಯ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಕಂಬಳಿ ಕೊಲೆಗಾರನ ಬಿಡುಗಡೆಯಾಯಿತು. ವಶಪಡಿಸಿಕೊಂಡಿದ್ದ ಐದು ಕಂಬಳಿಗಳನ್ನು ನಿಯಮದ ಪ್ರಕಾರ ಎಣಿಸಿ, ಸಹಿ ಪಡೆದು, ಅವನಿಗೆ ವಾಪಸು ಕೊಟ್ಟರು.